ಬಿರುಕು ಅಳಿಸಿದ ಲಿಂಕನ್: ಒಂದು ಮೌಸ್ ಪ್ಯಾಡ್ ಆರ್ಡರಿನ ಪ್ರಕರಣ ಅಧ್ಯಯನ

ಇದು ನಮ್ಮದೇ ಅಂಗಡಿಯಲ್ಲಿ ನಡೆದದ್ದು. ಕೊಡಗಿನ ಒಂದು ಚಿಕ್ಕ ಪೇಟೆ ಅಂದರೆ ಸಾಕು. ಊರು, ಶಾಲೆ, ಜನ ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ. ಗಿಫ್ಟ್ ಪ್ರಿಂಟಿಂಗ್ ಮಾಡುವವರು, ಹಳೇ ಫೋಟೋ ಸರಿಮಾಡುವವರು, ಶಾಲೆಗೆ ಏನಾದರೂ ಮಾಡಿಸಿ ಕೊಡಬೇಕು ಅಂದುಕೊಂಡವರು ಓದಲಿ ಎಂದು ಬರೆಯುತ್ತಿದ್ದೇನೆ.

ಅಂಗಡಿ ಮತ್ತು ಅಭ್ಯಾಸ

ನಮ್ಮದು ಎರಡು ಕೋಣೆಯ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್. ಹಿಂದಿನ ಕೋಣೆಯಲ್ಲಿ ಒಂದು ಸಬ್ಲಿಮೇಷನ್ ಪ್ರಿಂಟರ್, ಅದು ಕಾಗದದ ಮೇಲೆ ತೆಗೆದ ಚಿತ್ರವನ್ನು ಬಿಸಿ ಮಾಡಿ ಒತ್ತಿ ವಸ್ತುವಿಗೆ ಇಳಿಸುವ ಒಂದು ಹೀಟ್ ಪ್ರೆಸ್. ಮಗ್, ಟೀ ಶರ್ಟ್, ಮೌಸ್ ಪ್ಯಾಡ್ ಎಲ್ಲ ಅಲ್ಲೇ ಆಗುತ್ತದೆ. ಕೆಲಸಕ್ಕೆ ನಾನು ಮತ್ತು ಡಿಸೈನ್ ಮಾಡುವ ಒಬ್ಬ ಹುಡುಗ.

ವರ್ಷವಿಡೀ ಕೈ ಹಿಡಿಯುವ ಕೆಲಸ ಅಂದರೆ ಹಳೇ ಫೋಟೋ ರಿಪೇರಿ. ಕೊಡಗಿನಲ್ಲಿ ಮಿಲಿಟರಿಗೆ ಹೋದವರು ಇಲ್ಲದ ಕುಟುಂಬ ಕಡಿಮೆ. ಯೂನಿಫಾರ್ಮ್ ಹಾಕಿದ ಅಜ್ಜನದೋ ಮುತ್ತಜ್ಜನದೋ ಒಂದು ಫೋಟೋ ಹೆಚ್ಚಿನ ಮನೆಗಳ ಗೋಡೆ ಮೇಲೆ ಇರುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಗೋಡೆ ಒದ್ದೆಯಾಗುತ್ತದೆ, ಫ್ರೇಮಿನ ಒಳಗೆ ತಂಡಿ ಸೇರುತ್ತದೆ, ಫೋಟೋ ಗಾಜಿಗೆ ಅಂಟಿಕೊಂಡು ಬೂಸ್ಟು ಹಿಡಿಯುತ್ತದೆ. ಬಿಡಿಸಲು ಹೋದರೆ ಮುಖದ ಒಂದು ಪದರವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಅಂಥ ಫೋಟೋಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಜನ ನಮ್ಮ ಹತ್ತಿರ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: ಗೆರೆ ತೆಗೀರಿ, ಕಲೆ ತೆಗೀರಿ, ಮುಖ ಕ್ಲಿಯರ್ ಮಾಡಿ.

ನಾಲ್ಕು ವರ್ಷ ಇದನ್ನೇ ಮಾಡಿದ ಹುಡುಗನ ಕೈಗೆ ಈ ಕೆಲಸ ಯೋಚನೆ ಇಲ್ಲದೆ ಬರುತ್ತದೆ. ಫೋಟೋ ತೆರೆದ ತಕ್ಷಣ ಅವನ ಕಣ್ಣು ಗೆರೆ ಹುಡುಕುತ್ತದೆ. ಅದನ್ನು ತಪ್ಪು ಅನ್ನಲಾರೆ. ನಾನೇ ಕಲಿಸಿದ್ದು ಅದು.

ಆರ್ಡರ್ ಬಂದದ್ದು

ಜುಲೈ ಮೂರನೇ ವಾರ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ನಮ್ಮ ಕಡೆಯ ಸರ್ಕಾರಿ ಹೈಸ್ಕೂಲಿನ ಹಳೇ ವಿದ್ಯಾರ್ಥಿ. ಅವರ ಸಮಾಜ ವಿಜ್ಞಾನದ ಮೇಷ್ಟ್ರು ಜುಲೈ 31ಕ್ಕೆ ನಿವೃತ್ತಿ. ಬ್ಯಾಚಿನವರೆಲ್ಲ ಸೇರಿ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ 20 ಮೌಸ್ ಪ್ಯಾಡ್, ಉಳಿದ 28 ತಮಗೆ ಮತ್ತು ಮೇಷ್ಟ್ರಿಗೆ, ಒಟ್ಟು 48 ಮಾಡಿಸುವುದು ಅಂತ ತೀರ್ಮಾನ. ಒಂದಕ್ಕೆ 140 ರೂಪಾಯಿ, ಅರ್ಧ ಅಡ್ವಾನ್ಸ್.

"ಮೇಷ್ಟ್ರು ಅಂದ್ರೆ ನಮಗೆ ಲಿಂಕನ್ ಫೋಟೋ," ಅಂದರು ಅವರು. ಕ್ಲಾಸಿನ ಗೋಡೆ ಮೇಲೆ ಮೇಷ್ಟ್ರು ಅಬ್ರಹಾಂ ಲಿಂಕನ್ನರ ಒಂದು ಪಟ ಹಾಕಿದ್ದರಂತೆ. ಅದೇ ಪ್ಯಾಡ್ ಮೇಲೆ ಬರಬೇಕು. ಕೆಳಗೆ, ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರದ ಎರಡು ಸಾಲು ಇರಬೇಕು. ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದರು.

ನಾನು ಮೊದಲು ಯೋಚಿಸಿದ್ದು ಹಕ್ಕಿನ ವಿಷಯ. ನಮ್ಮಲ್ಲಿ ಕೆಲವು ಹೆಸರು, ಚಿತ್ರ, ಲಾಂಛನಗಳನ್ನು ವ್ಯಾಪಾರಕ್ಕೆ ಬಳಸಬಾರದು ಅಂತ 1950ರ ಒಂದು ಕಾಯ್ದೆ ಇದೆ. ಗಾಂಧೀಜಿ ಚಿತ್ರ ಆ ಪಟ್ಟಿಯಲ್ಲಿದೆ. ಯಾರ ಮುಖ ಪ್ರಿಂಟ್ ಮಾಡುವುದಿದ್ದರೂ ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು. ಲಿಂಕನ್ ಫೋಟೋ 1865ರದ್ದು, ಕಾಪಿರೈಟ್ ಯಾವತ್ತೋ ಮುಗಿದಿದೆ. ಅಲ್ಲಿಗೆ ನನ್ನ ವಿಚಾರಣೆಯನ್ನೂ ಮುಗಿಸಿಬಿಟ್ಟೆ. ಫೋಟೋ ಯಾವುದು, ಅದರಲ್ಲಿ ಏನಿದೆ, ಮೇಷ್ಟ್ರು ಅದನ್ನೇ ಯಾಕೆ ಹಾಕಿದ್ದರು, ಇದನ್ನು ಕೇಳಲೇ ಇಲ್ಲ. ಈಗ ನೋಡಿದರೆ ಮೊದಲ ತಪ್ಪು ಅದೇ.

ಎಲ್ಲಿ ಜಾರಿದೆವು

ನಮ್ಮ ಪ್ಯಾಡ್ 22 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಎತ್ತರ. ಮೇಲೆ ಪಾಲಿಯೆಸ್ಟರ್ ಬಟ್ಟೆ, ಕೆಳಗೆ ರಬ್ಬರ್. 18 ಸೆಂಟಿಮೀಟರ್ ಎತ್ತರಕ್ಕೆ ಫೋಟೋ ಚೊಕ್ಕವಾಗಿ ಬರಬೇಕಾದರೆ ಆ ಕಡೆ 2,100 ಪಿಕ್ಸೆಲ್ ಆದರೂ ಬೇಕು. ವಾಟ್ಸಾಪಿನಲ್ಲಿ ಬಂದದ್ದರಲ್ಲಿ 900 ಕೂಡ ಇರಲಿಲ್ಲ. ಹುಡುಗ ಅದನ್ನು ಒಂದು ಎಐ ಟೂಲಿಗೆ ಹಾಕಿ ದೊಡ್ಡದು ಮಾಡಿದ. ಟೂಲ್ ತಾನೇ ಊಹಿಸಿ ಚರ್ಮ ತುಂಬಿತು, ಸುಕ್ಕು ಸವರಿತು. ತಲೆಯ ಮೇಲಿನ ಗೆರೆಯನ್ನು ಕೊಳೆ ಅಂತ ತಿಳಿದು ಅರ್ಧ ಅಳಿಸಿತು. ಉಳಿದ ಅರ್ಧವನ್ನು ಹುಡುಗ ಅಳಿಸಿದ. ಬಲಗೆನ್ನೆಯ ಮಚ್ಚೆಯೂ ಆ ಓಟದಲ್ಲಿ ಹೋಯಿತು. ಮದುವೆ ಫೋಟೋಗಳಲ್ಲಿ ನಾವು ದಿನಾ ಮಾಡುವುದೇ ಇದು.

ನಾನು ನೋಡಿ ಹೇಳಿದ್ದು ಒಂದೇ. ಮುಖ ಪ್ಯಾಡಿನ ನಡುವೆ ಇತ್ತು. ಮುಖದ ಮೇಲೆ ದಿನವಿಡೀ ಮೌಸ್ ಉಜ್ಜುವುದು ನನಗೆ ಸರಿ ಕಾಣಲಿಲ್ಲ. ಕೈಯ ಬೆವರು, ಕೊಳೆ ಕೂರುವುದೂ ಅಲ್ಲಿಯೇ. ಎಡಗಡೆಗೆ ಸರಿಸಿ, ಬಲಗಡೆ ಖಾಲಿ ಬಿಡು ಅಂದೆ. ಅದು ಒಳ್ಳೆಯ ತೀರ್ಮಾನವಾಗಿತ್ತು. ಆದರೆ ಮುಖ ಎಲ್ಲಿರಬೇಕು ಅಂತ ನೋಡಿದ ನಾನು ಮುಖವನ್ನೇ ನೋಡಲಿಲ್ಲ.

ಡಿಸೈನನ್ನು ಬೆಂಗಳೂರಿಗೆ ಕಳಿಸಿದೆವು. ಅವರು ಆಫೀಸಿನ ನಡುವೆ ಫೋನಿನಲ್ಲೇ ನೋಡಿರಬೇಕು. ಎರಡು ನಿಮಿಷದಲ್ಲಿ ಉತ್ತರ ಬಂತು: ಸೂಪರ್, ಪ್ರಿಂಟ್ ಮಾಡಿ. ಜುಲೈ 25ಕ್ಕೆ 48 ಪ್ಯಾಡೂ ರೆಡಿ.

"ಬಿರುಕು ಎಲ್ಲಿ?"

26ರ ಮಧ್ಯಾಹ್ನ ಅದೇ ಬ್ಯಾಚಿನ ಒಬ್ಬ ಅಕ್ಕ ಪ್ಯಾಡ್ ತೆಗೆದುಕೊಂಡು ಹೋಗಲು ಬಂದರು. ಇಲ್ಲೇ ಹತ್ತಿರ ಇರುವವರು. ಜೋರು ಮಳೆ, ಕರೆಂಟ್ ಬೇರೆ ಹೋಗಿತ್ತು. ಛತ್ರಿ ಬಾಗಿಲ ಹೊರಗೆ ಒರಗಿಸಿ, ಕೈ ಒರೆಸಿಕೊಂಡು ಒಂದು ಪ್ಯಾಡ್ ತೆಗೆದುಕೊಂಡರು. ಬಾಗಿಲ ಹತ್ತಿರ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಲಿಂಕನ್ನರ ಹಣೆಯ ಮೇಲ್ಭಾಗವನ್ನು ಎರಡು ಸಲ ಸವರಿದರು. ಏನೋ ಕಾಣೆಯಾದದ್ದನ್ನು ಹುಡುಕುವ ಹಾಗಿತ್ತು ಅದು.

"ಇದು ನಮ್ಮ ಮೇಷ್ಟ್ರ ಲಿಂಕನ್ ಅಲ್ಲ."

"ಯಾಕಕ್ಕ, ಲಿಂಕನ್ನೇ ಅಲ್ವಾ?"

"ಲಿಂಕನ್ನೇ. ಆದ್ರೆ ಬಿರುಕು ಎಲ್ಲಿ?"

ಹುಡುಗ ಒಳಗಿನಿಂದ ಬಂದ. "ಗೆರೆ ಇತ್ತಕ್ಕ, ನಾನೇ ತೆಗೆದೆ. ನೀಟಾಗಿ ಹೋಗಿದೆ ಅಲ್ವಾ?" ಅಂದ. ಒಳ್ಳೆಯ ಕೆಲಸ ಮಾಡಿದ್ದೇನೆ ಅನ್ನುವ ಖುಷಿಯಲ್ಲೇ ಅವನು ಹೇಳಿದ್ದು.

ಅಕ್ಕ ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಹೇಳಿದರು. ಪ್ರತಿ ವರ್ಷ ಮೊದಲ ಪಾಠದ ದಿನ ಮೇಷ್ಟ್ರು ಪುಸ್ತಕ ತೆಗೆಸುತ್ತಿರಲಿಲ್ಲ. ಗೋಡೆ ಕಡೆ ಕೈ ತೋರಿಸಿ, ಆ ಪಟದಲ್ಲಿ ಏನೇನು ಕಾಣ್ತದೆ ಬರೀರಿ ಅನ್ನುತ್ತಿದ್ದರು. ಮಕ್ಕಳು ಗಡ್ಡ, ಕೋಟು, ಟೈ, ಕುಳಿ ಬಿದ್ದ ಕೆನ್ನೆ ಅಂತ ಬರೆಯುತ್ತಿದ್ದರು. ತಲೆಯ ಮೇಲೆ ಅಡ್ಡ ಹೋದ ಗೆರೆಯನ್ನು ಯಾರೂ ಬರೆಯುತ್ತಿರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು, ಆದರೆ ಅದು ಲೆಕ್ಕಕ್ಕಿಲ್ಲ ಅಂದುಕೊಳ್ಳುತ್ತಿದ್ದರು. ಈ ಅಕ್ಕ ಮಾತ್ರ ಕೊನೆಯಲ್ಲಿ "ಪಟ ಹರಿದಿದೆ" ಅಂತ ಒಂದು ಸಾಲು ಸೇರಿಸಿದ್ದರು. ಮೇಷ್ಟ್ರು ಅದನ್ನು ಜೋರಾಗಿ ಓದಿ, "ಹರಿದದ್ದು ಪಟ ಅಲ್ಲ ಮಗಾ, ಒಡೆದದ್ದು ಗಾಜು" ಅಂದರಂತೆ. ಅಲ್ಲಿಂದ ಇಡೀ ಒಂದು ಪಿರಿಯಡ್ ಆ ಗೆರೆಯ ಮೇಲೆ.

ಆ ಕಥೆ ನಿಜಕ್ಕೂ ಕೇಳಬೇಕಾದದ್ದು. ಆಗ ಫೋಟೋ ತೆಗೆಯುತ್ತಿದ್ದದ್ದು ಗಾಜಿನ ಫಲಕದ ಮೇಲೆ. ಗಾಜಿಗೆ ರಾಸಾಯನಿಕ ಬಳಿದು, ಅದು ಒದ್ದೆ ಇರುವಾಗಲೇ ಕ್ಯಾಮೆರಾದಲ್ಲಿ ಇಟ್ಟು, ಒಣಗುವ ಮೊದಲೇ ತೊಳೆದು ನೆಗೆಟಿವ್ ಮಾಡಬೇಕಿತ್ತು. ಈ ಫೋಟೋ ತೆಗೆದವರು ಅಲೆಕ್ಸಾಂಡರ್ ಗಾರ್ಡ್‌ನರ್, ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಹೋದವರು. ವಾಷಿಂಗ್ಟನ್ನಿನಲ್ಲಿ ಅವರ ಸ್ಟುಡಿಯೋ ಇತ್ತು. ಲಿಂಕನ್ ಅಮೆರಿಕದ 16ನೇ ಅಧ್ಯಕ್ಷರು, ಅಂತರ್ಯುದ್ಧ ಕೊನೆಯ ಹಂತಕ್ಕೆ ಬಂದಿತ್ತು. ಗುಲಾಮಗಿರಿ ತೆಗೆದುಹಾಕುವ 13ನೇ ತಿದ್ದುಪಡಿ 1865ರ ಜನವರಿ 31ಕ್ಕೆ ಅಲ್ಲಿನ ಪ್ರತಿನಿಧಿ ಸಭೆಯಲ್ಲಿ ಪಾಸಾಗಿತ್ತು. ಲಿಂಕನ್ನರಿಗೆ ಆಗಿನ್ನೂ 56 ತುಂಬಿರಲಿಲ್ಲ. ಮುಖ ನೋಡಿದರೆ 70 ಅನ್ನಬೇಕು. ಆ ಮುಖದಲ್ಲಿ ಸಣ್ಣಗೆ ನಗುವಿನಂಥದ್ದೂ ಇದೆ.

ನೆಗೆಟಿವ್ ಗಾಜು ಬಿರುಕು ಬಿಟ್ಟಿತು. ಗಾರ್ಡ್‌ನರ್ ಅದರಿಂದ ಒಂದೇ ಒಂದು ಪ್ರಿಂಟ್ ತೆಗೆದು ಗಾಜನ್ನು ಎಸೆದರು. ಆ ಒಂದು ಪ್ರಿಂಟ್ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಏಪ್ರಿಲ್ 14ರ ರಾತ್ರಿ ಲಿಂಕನ್ನರ ತಲೆಗೆ ಗುಂಡು ಬಿತ್ತು, ಮರುದಿನ ಬೆಳಿಗ್ಗೆ ತೀರಿಕೊಂಡರು. ಬಿರುಕು ತಲೆಯ ಮೇಲೇ ಹಾದುಹೋಗಿರುವುದರಿಂದ ಅದು ಮುಂದೆ ಆಗುವುದರ ಶಕುನ ಅಂತ ಜನ ಹೇಳತೊಡಗಿದರು.

ಮೇಷ್ಟ್ರು ಇದನ್ನು ಮಕ್ಕಳಿಗೆ ಹೇಳಿ, ಆಮೇಲೆ ಒಪ್ಪಬೇಡಿ ಅನ್ನುತ್ತಿದ್ದರಂತೆ. "ಗಾಜಿಗೆ ಮುಂದಿನದು ಗೊತ್ತಿರಲಿಲ್ಲ. ಮುಂದೆ ಏನಾಯ್ತು ಅಂತ ಗೊತ್ತಿರೋ ನಾವು ಹಿಂದಕ್ಕೆ ಹೋಗಿ ಗೆರೆಗೆ ಅರ್ಥ ಹಚ್ತೀವಿ. ಚರಿತ್ರೆ ಓದುವಾಗ ಇದೊಂದು ಹುಷಾರು ಇರಬೇಕು." ಅಕ್ಕನಿಗೆ ಆ ಮಾತು ಇಷ್ಟು ವರ್ಷದ ಮೇಲೂ ಬಾಯಿಗೆ ಬರುತ್ತದೆ. ಅಂಥ ಪಾಠ ಮಾಡಿದವರಿಗೆ ನಾವು ಬಿರುಕಿಲ್ಲದ, ಮಚ್ಚೆಯಿಲ್ಲದ, ಸುಕ್ಕಿಲ್ಲದ 48 ಲಿಂಕನ್ ಕೊಡಲು ಹೊರಟಿದ್ದೆವು.

ಮುಂದಿದ್ದ ದಾರಿಗಳು

ಇನ್ನು ಐದು ದಿನ. ಸಂಜೆ ಅಂಗಡಿ ಮುಚ್ಚಿ ನಾನೂ ಹುಡುಗನೂ ಕೂತು ಮಾತಾಡಿದೆವು.

ಇದ್ದ ಹಾಗೇ ಕೊಟ್ಟುಬಿಡಬಹುದಿತ್ತು. ಆರ್ಡರ್ ಕೊಟ್ಟವರು ಡಿಸೈನ್ ಒಪ್ಪಿದ್ದಾರೆ, ಮೆಸೇಜ್ ಇದೆ. ಲೆಕ್ಕದ ಪ್ರಕಾರ ನಮ್ಮ ಮೇಲೆ ಏನೂ ಬರುವುದಿಲ್ಲ. ಆದರೆ ಅವರು ಒಪ್ಪಿದ್ದು ಜಾಗ, ಬಣ್ಣ, ಅಕ್ಷರ. ಫೋಟೋದಿಂದ ಏನನ್ನೋ ತೆಗೆದಿದ್ದೇವೆ ಅಂತ ನಾವು ಹೇಳಿಯೇ ಇರಲಿಲ್ಲ. ಹೇಳದೆ ಮಾಡಿದ್ದಕ್ಕೆ ಒಪ್ಪಿಗೆ ಎಲ್ಲಿಂದ ಬರಬೇಕು?

ಹುಡುಗ ಇನ್ನೊಂದು ದಾರಿ ಹೇಳಿದ. "ಅಣ್ಣ, ಫೈಲ್ ಇದೆ. ನಾನೇ ಒಂದು ಗೆರೆ ಎಳೀತೀನಿ. ಯಾರಿಗೂ ಗೊತ್ತಾಗಲ್ಲ." ಅವನ ಕೈಚಳಕ ನನಗೆ ಗೊತ್ತು, ನಿಜಕ್ಕೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಒಂದು ಕ್ಷಣ ಹೂಂ ಅನ್ನುವವನಿದ್ದೆ. ಆಮೇಲೆ ಅಕ್ಕ ಹೆಬ್ಬೆರಳಿನಿಂದ ಸವರಿದ್ದು ಕಣ್ಣಿಗೆ ಬಂತು. ಅವರು ಹುಡುಕಿದ್ದು ಆ ದಿನ ಒಡೆದ ಆ ಗಾಜಿನ ಗುರುತು. ನಾವು ಎಳೆಯುವುದು ನಮ್ಮ ಗೆರೆ. ಅಳಿಸಿದ್ದು ಗೊತ್ತಿಲ್ಲದೆ ಆದ ತಪ್ಪು. ಎಳೆದರೆ ಅದು ಗೊತ್ತಿದ್ದೇ ಮಾಡಿದ ಸುಳ್ಳಾಗುತ್ತದೆ. ಬೇಡ ಅಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಒರಿಜಿನಲ್ ಹುಡುಕ್ತೀನಿ" ಅಂದ. ಈ ಪ್ರಕರಣ ತಿರುಗಿದ್ದು ಅಲ್ಲಿಯೇ ಅಂತ ನನ್ನ ಲೆಕ್ಕ.

ಉಳಿದದ್ದು ಪೂರ್ತಿ ಹೊಸದಾಗಿ ಮಾಡುವುದು. ಖಾಲಿ ಪ್ಯಾಡ್ ಒಂದಕ್ಕೆ 45 ರೂಪಾಯಿ, 48ಕ್ಕೆ 2,160. ಕಾಗದ, ಇಂಕು, ಕರೆಂಟ್ ಬೇರೆ. ಸಬ್ಲಿಮೇಷನ್‌ನಲ್ಲಿ ಇಂಕು ಬಿಸಿಗೆ ಆವಿಯಾಗಿ ಬಟ್ಟೆಯ ಎಳೆಯೊಳಗೆ ಸೇರಿಬಿಡುತ್ತದೆ. ಮತ್ತೆ ತೆಗೆಯಲು ಬರುವುದಿಲ್ಲ. ಬಿಳಿ ಇಂಕೂ ಇಲ್ಲ. ಆದ್ದರಿಂದ ಹಳೇ ಪ್ಯಾಡ್ ಮೇಲೆ ತಿದ್ದುವ ಪ್ರಶ್ನೆಯೇ ಬರಲಿಲ್ಲ. ಸ್ಟಾಕಿನಲ್ಲಿ ಇದ್ದದ್ದು 22. ಉಳಿದವು ಮೈಸೂರಿನಿಂದ ಬಸ್ ಪಾರ್ಸೆಲ್‌ನಲ್ಲಿ ಬರಬೇಕು.

ಬೆಂಗಳೂರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಫೋಟೋವನ್ನು ದೊಡ್ಡದು ಮಾಡಿ ನೋಡಿ, "ಅಯ್ಯೋ, ಹೌದಲ್ಲ, ಆ ಗೆರೆ! ನಾನು ಹೇಗೆ ಮರೆತೆ" ಅಂದರು. ಅರ್ಧ ಖರ್ಚು ಕೊಡುತ್ತೇನೆ ಅಂದರು. ನಾನು ಪಾರ್ಸೆಲ್ ಖರ್ಚು ಮಾತ್ರ ತೆಗೆದುಕೊಂಡೆ. ಆ ಆರ್ಡರಿನಲ್ಲಿ ಲಾಭ ಹೆಚ್ಚೇನೂ ಉಳಿಯಲಿಲ್ಲ.

ಪತ್ರ, ಮತ್ತೆ ತಾರೀಖು

ಒರಿಜಿನಲ್ ಹುಡುಕಲು ಹೋದಾಗ ಇನ್ನೂ ಎರಡು ವಿಷಯ ಹೊರಗೆ ಬಂತು.

ಮೊದಲನೆಯದು ಪತ್ರ. "ಲಿಂಕನ್ ಮಗನ ಶಿಕ್ಷಕರಿಗೆ ಬರೆದ ಪತ್ರ" ನಮ್ಮ ಕಡೆ ಎಷ್ಟೋ ಶಾಲೆಗಳ ಸ್ಟಾಫ್ ರೂಮಿನಲ್ಲಿ ಫ್ರೇಮ್ ಹಾಕಿ ತೂಗುಹಾಕಿರುತ್ತಾರೆ. ನಾವೇ ಎಷ್ಟು ಸಲ ಲ್ಯಾಮಿನೇಷನ್ ಮಾಡಿದ್ದೇವೋ. ಒಳ್ಳೆಯ ಮಾತುಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಲಿಂಕನ್ ಬರೆದದ್ದಕ್ಕೆ ಆಧಾರ ಇಲ್ಲ. ಅವರ ಪತ್ರ, ಭಾಷಣಗಳನ್ನೆಲ್ಲ ಸೇರಿಸಿ 1953ರಲ್ಲಿ ರಾಯ್ ಬೇಸ್ಲರ್ ಸಂಪಾದಿಸಿದ ಎಂಟು ಸಂಪುಟಗಳಲ್ಲಿ ಆ ಪತ್ರ ಇಲ್ಲ. ಇದ್ದದ್ದನ್ನು ತೆಗೆದು ಒಂದು ತಪ್ಪು ಮಾಡಿದ್ದೆವು. ಈಗ ಅವರು ಬರೆಯದ್ದನ್ನು ಅವರ ಮುಖದ ಕೆಳಗೆ ಹಾಕಿ ಇನ್ನೊಂದು ಮಾಡುವುದು ಬೇಡ ಅನ್ನಿಸಿತು. ಬೇಕಾದರೆ ಅವರದೇ ಮಾತು ಇದೆ. ಫೋಟೋ ತೆಗೆದ ಒಂದು ತಿಂಗಳಿಗೆ, ಮಾರ್ಚ್ 4ರಂದು, ಎರಡನೇ ಸಲ ಅಧಿಕಾರ ಹಿಡಿದಾಗ ಮಾಡಿದ ಭಾಷಣದಲ್ಲಿ "ಯಾರ ಮೇಲೂ ಹಗೆ ಇಲ್ಲದೆ, ಎಲ್ಲರ ಮೇಲೂ ಕರುಣೆ ಇಟ್ಟು" ಅನ್ನುವ ಮಾತು ಬರುತ್ತದೆ. ಅದನ್ನು ಹಾಕೋಣ ಅಂದೆ. ಅಕ್ಕ ಕೇಳಿ, "ಏನೂ ಬೇಡ. ಫೋಟೋ ಮತ್ತೆ ತಾರೀಖು ಸಾಕು. ಮೇಷ್ಟ್ರು ತಾರೀಖು ಇಲ್ಲದ ಪಟ ಒಪ್ಪಲ್ಲ" ಅಂದರು. ಅವರು ಹೇಳಿದ್ದು ಸರಿ ಇತ್ತು.

ಆದರೆ ಯಾವ ತಾರೀಖು? ಮೇಷ್ಟ್ರು ಕ್ಲಾಸಿನಲ್ಲಿ ಹೇಳುತ್ತಿದ್ದದ್ದು 1865ರ ಏಪ್ರಿಲ್ 10, ಸಾವಿಗೆ ನಾಲ್ಕೈದು ದಿನ ಮೊದಲು, ಲಿಂಕನ್ನರ ಕಡೆಯ ಫೋಟೋ. ಬಹಳ ಕಾಲ ಎಲ್ಲರೂ ನಂಬಿದ್ದು ಅದನ್ನೇ. ಈಗಲೂ ತುಂಬ ಕಡೆ ಹಾಗೇ ಬರೆದಿರುತ್ತದೆ. ಆದರೆ ಗ್ಯಾಲರಿಯ ದಾಖಲೆಯಲ್ಲಿ ಇರುವುದು ಫೆಬ್ರವರಿ 5. ಸಂಶೋಧಕರು ಆಮೇಲೆ ತಿದ್ದಿದ ತಾರೀಖು ಅದು. ಅಂದರೆ ಮೇಷ್ಟ್ರು ಇಷ್ಟು ವರ್ಷ ಹೇಳಿದ್ದು ಹಳೇ ಪುಸ್ತಕದ ತಾರೀಖು.

ಇದು ಬಿರುಕಿಗಿಂತ ಕಷ್ಟದ ಪ್ರಶ್ನೆ. ಬೆಂಗಳೂರಿನವರು ತಾರೀಖೇ ಬೇಡ ಅಂದರು. ಬೀಳ್ಕೊಡುಗೆ ದಿನ ಎಲ್ಲರ ಎದುರು ಮೇಷ್ಟ್ರಿಗೆ ತಪ್ಪು ತೋರಿಸಿದ ಹಾಗೆ ಆಗಬಾರದು ಅನ್ನುವುದು ಅವರ ಕಾಳಜಿ. ಅದನ್ನು ತಳ್ಳಿಹಾಕುವ ಹಾಗಿರಲಿಲ್ಲ. ಅಕ್ಕ ಬೇರೆ ಮಾತು ಹೇಳಿದರು. "ನಮ್ಮ ಪೇಪರಿನಲ್ಲಿ ಒಂದು ತಪ್ಪನ್ನೂ ಬಿಟ್ಟವರಲ್ಲ ಅವರು. ಅವರಿಗೆ ತಪ್ಪು ತಾರೀಖು ಕೊಡೋದಾ? ಹಾಗಂತ ಸ್ಟೇಜಿನ ಮೇಲೆ ಗೊತ್ತಾಗೋದೂ ಬೇಡ. ಮೊದಲೇ ನಾನು ಕೇಳ್ತೀನಿ."

ಆ ರಾತ್ರಿಯೇ ಅಕ್ಕ ಮೇಷ್ಟ್ರಿಗೆ ಫೋನ್ ಮಾಡಿದರು. ಗಿಫ್ಟಿನ ಮಾತು ಎತ್ತಲಿಲ್ಲ. ಮಗಳಿಗೆ ಆ ಫೋಟೋ ಕಥೆ ಹೇಳ್ತಿದ್ದೆ ಮೇಷ್ಟ್ರೇ, ಹುಡುಕಿ ನೋಡಿದರೆ ಫೆಬ್ರವರಿ 5 ಅಂತ ಇದೆಯಲ್ಲ ಅಂದರು. ಮೇಷ್ಟ್ರು ಎಲ್ಲಿದೆ, ಯಾರು ಹೇಳಿದ್ದು ಅಂತ ಕೇಳಿದರಂತೆ. ಅಕ್ಕ ಗ್ಯಾಲರಿಯ ದಾಖಲೆಯನ್ನು ಓದಿ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ನಾನು ತಪ್ಪು ಹೇಳಿದ್ದೀನಿ ಮಗಾ. ಒಳ್ಳೆದಾಯ್ತು ಹೇಳಿದ್ದು. ಶಕುನದ ಕಥೆ ಇನ್ನೂ ಬಲ ಕಳ್ಕೊಳ್ತು ನೋಡು, ನಾಲ್ಕು ದಿನ ಅಲ್ಲ, ಎರಡು ತಿಂಗಳ ಮೇಲೆ" ಅಂದರಂತೆ.

ಅಕ್ಕ ಮರುದಿನ ಇದನ್ನು ಹೇಳುವಾಗ ಹುಡುಗ ಕೆಲಸ ನಿಲ್ಲಿಸಿ ಕೇಳಿದ.

ಎರಡನೇ ಸಲ

ಪ್ರಿಂಟಿಂಗ್ ಕೆಲಸ ಮಾಡುವವರಿಗಾಗಿ ಇದಿಷ್ಟು. ಅಮೆರಿಕದ ಹಲವು ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ತನ್ನ ಸಂಗ್ರಹದ 28 ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ ಬಳಸಿ ಅಂತ ಬಿಟ್ಟಿದೆ. ಪೋರ್ಟ್ರೇಟ್ ಗ್ಯಾಲರಿ ಅದರದ್ದೇ ಭಾಗ. ದೊಡ್ಡ ಫೈಲ್ ಸಿಕ್ಕ ಮೇಲೆ ಎಐ ಟೂಲಿನ ಅಗತ್ಯವೇ ಬೀಳಲಿಲ್ಲ. ಮೊದಲ ಸಲ ನಾವು ಫೋಟೋವನ್ನು ಪೂರ್ತಿ ಕಪ್ಪು ಬಿಳುಪು ಮಾಡಿದ್ದೆವು. ಆಗಿನ ಕಾಲದ ಪ್ರಿಂಟ್ ಕಂದು ಬಣ್ಣದ್ದು, ಈ ಸಲ ಅದನ್ನೇ ಉಳಿಸಿಕೊಂಡೆವು. ಅದರಿಂದ ಇನ್ನೊಂದು ಅನುಕೂಲ ಆಯಿತು. ನಾಲ್ಕು ಬಣ್ಣದ ಇಂಕಿನಲ್ಲಿ ಬರೀ ಬೂದು ತೆಗೆಯಲು ಹೋದರೆ ಬಿಸಿ ತಾಗಿದ ಮೇಲೆ ಹಸಿರು ಛಾಯೆ ಬರುತ್ತಿತ್ತು. ಕಂದಿನಲ್ಲಿ ಆ ಕಾಟ ಇಲ್ಲ.

ಮಳೆಗಾಲದ ತೊಂದರೆ ಬೇರೆಯೇ. 195 ಡಿಗ್ರಿಯಲ್ಲಿ 50 ಸೆಕೆಂಡ್ ಒತ್ತುತ್ತೇವೆ. ಕಾಗದ, ಬಟ್ಟೆ ತಂಡಿ ಹಿಡಿದಿದ್ದರೆ ಆ ನೀರು ಆವಿಯಾಗಿ ಇಂಕನ್ನು ಹರಡಿಸುತ್ತದೆ, ಅಲ್ಲಲ್ಲಿ ಮೋಡದ ಹಾಗೆ ಮಚ್ಚೆ ಬೀಳುತ್ತದೆ. ಮೊದಲ ಮೂರು ಪ್ಯಾಡ್ ಹಾಗೆ ಹಾಳಾದವು. ಆಮೇಲೆ ಖಾಲಿ ಪ್ಯಾಡನ್ನು ಹತ್ತು ಸೆಕೆಂಡ್ ಮೊದಲೇ ಒತ್ತಿ ತಂಡಿ ತೆಗೆದು, ಕಾಗದವನ್ನು ಡಬ್ಬದಲ್ಲಿ ಮುಚ್ಚಿಟ್ಟು ಮಾಡಿದೆವು. ಯುಪಿಎಸ್ ಹೀಟ್ ಪ್ರೆಸ್ಸನ್ನು ಎಳೆಯುವುದಿಲ್ಲ. ಕರೆಂಟ್ ಬಂದಾಗ ಮಾಡುವುದು, ಹೋದಾಗ ಕಾಯುವುದು. 30ರ ರಾತ್ರಿ ಹನ್ನೊಂದೂವರೆಗೆ ಕೊನೆಯದು ಇಳಿಯಿತು.

ಪ್ರೆಸ್ ಎತ್ತಿ ಕಾಗದ ಸುಲಿಯುವ ಹೊತ್ತು ನನಗೆ ಯಾವಾಗಲೂ ಇಷ್ಟ. ಕಾಗದದ ಮೇಲೆ ಉಲ್ಟಾ, ಮಂಕಾಗಿ ಇದ್ದದ್ದು ಬಟ್ಟೆ ಮೇಲೆ ಸರಿಯಾಗಿ, ಗಾಢವಾಗಿ ಬರುತ್ತದೆ. ಆ ದಿನ ಮೊದಲು ಕಂಡದ್ದು ಬಿರುಕು. ಆಮೇಲೆ ಕಣ್ಣು.

ಕಾರ್ಯಕ್ರಮ ಚೆನ್ನಾಗಿ ಆಯಿತು. ನಾನು ಹೋಗಿರಲಿಲ್ಲ. ಮೇಷ್ಟ್ರು ಪ್ಯಾಡ್ ಕೈಗೆ ತೆಗೆದುಕೊಂಡು ಮೊದಲು ತಾರೀಖು ಓದಿ, ಅಕ್ಕನ ಕಡೆ ನೋಡಿ ನಕ್ಕರಂತೆ.

ಈಗ ನಾವು ಮಾಡುವುದು

ಅಂಗಡಿಯಲ್ಲಿ ಕೆಲವು ಬದಲಾಗಿದೆ. ಬಂದ ಫೋಟೋದ ಒಂದು ಪ್ರತಿ ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇರುತ್ತದೆ. ಡಿಸೈನ್ ಕಳಿಸುವಾಗ ಮೂಲ ಫೋಟೋವನ್ನೂ ಪಕ್ಕದಲ್ಲಿ ಇಟ್ಟು, ಇದರಲ್ಲಿ ಇದಿಷ್ಟು ತೆಗೆದಿದ್ದೇವೆ ಅಂತ ಬರೆದು ಕಳಿಸುತ್ತೇವೆ. ಹತ್ತಕ್ಕಿಂತ ಜಾಸ್ತಿ ಇದ್ದರೆ ಒಂದು ಮಾಡಿ ಕೈಗೆ ಕೊಟ್ಟು, ಆಮೇಲೆ ಉಳಿದದ್ದು. ಫೋನಿನ ಪರದೆ ಮೇಲೆ ನೋಡುವುದಕ್ಕೂ ಕೈಯಲ್ಲಿ ಹಿಡಿದು ನೋಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅಕ್ಕ ತೋರಿಸಿಕೊಟ್ಟರು.

ಎಲ್ಲಕ್ಕಿಂತ ಹೆಚ್ಚು ಉಪಯೋಗ ಆಗಿರುವುದು ಒಂದು ಪ್ರಶ್ನೆ. ಈ ಫೋಟೋವನ್ನು ಚೆನ್ನಾಗಿ ಬಲ್ಲವರು ಯಾರು? ಆರ್ಡರ್ ಕೊಡುವವರು, ಹಣ ಕೊಡುವವರು, ಫೋಟೋ ಬಲ್ಲವರು ಒಬ್ಬರೇ ಆಗಿರಬೇಕಿಲ್ಲ. ಅವರು ಯಾರು ಅಂತ ಮೊದಲ ದಿನವೇ ಕೇಳಿದ್ದರೆ ಅಕ್ಕನ ಹೆಸರು ಆಗಲೇ ಸಿಗುತ್ತಿತ್ತು, 48 ಪ್ಯಾಡ್ ಉಳಿಯುತ್ತಿತ್ತು.

ಆಗಸ್ಟ್ 3, ಆಟಿ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪಿನ ಅಡುಗೆ ಮಾಡುವ ದಿನ. ಮೇಷ್ಟ್ರೇ ಅಂಗಡಿಗೆ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬ, ಒಳಗೆ ಕಡು ನೇರಳೆ ಬಣ್ಣದ ಮದ್ದುಸೊಪ್ಪಿನ ಪಾಯಸ. ಹಾಳಾದ ಪ್ಯಾಡ್ ಏನು ಮಾಡಿದ್ರಿ ಅಂತ ಕೇಳಿದರು. ಮೂಲೆಯಲ್ಲಿ ಕಟ್ಟಿಟ್ಟಿದ್ದನ್ನು ತೋರಿಸಿದೆ. ಹತ್ತು ಬೇಕು ಅಂದರು. ಶಾಲೆಗೆ ಆಗಾಗ ಹೋಗುವುದಾಗಿ ಹೆಡ್ ಮಾಸ್ಟರ್ ಹತ್ತಿರ ಹೇಳಿದ್ದಾರಂತೆ. ಎರಡೂ ಥರದ ಪ್ಯಾಡನ್ನು ಮಕ್ಕಳ ಕೈಗೆ ಕೊಟ್ಟು, ಯಾವುದು ಮೊದಲಿನದು, ಹೇಗೆ ಗೊತ್ತಾಯ್ತು ಬರೀರಿ ಅನ್ನಬೇಕು ಅಂದರು. ದುಡ್ಡು ಬೇಡ ಅಂದರೂ ಕೊಟ್ಟೇ ಹೋದರು.

ಸೆಪ್ಟೆಂಬರ್‌ನಲ್ಲಿ, ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ವಾರ, ಒಬ್ಬರು ಅಜ್ಜಿ ಮೊಮ್ಮಗನ ಜೊತೆ ಬಂದರು. ಯೂನಿಫಾರ್ಮಿನಲ್ಲಿರುವ ಎಳೆಯ ಹುಡುಗನ ಫೋಟೋ, ತುಂಬ ಬೂಸ್ಟು ಹಿಡಿದಿತ್ತು. ನಡುವೆ ಉದ್ದಕ್ಕೂ ಅಡ್ಡಕ್ಕೂ ಮಡಚಿದ ಗೆರೆ, ಮುಖದ ಮೇಲೇ ಹಾದುಹೋಗಿತ್ತು. ನಾನು ಬಿಲ್ ಬರೆಯುತ್ತಿದ್ದೆ. ಹುಡುಗ ಫೋಟೋವನ್ನು ಅಜ್ಜಿಯ ಹತ್ತಿರ ಹಿಡಿದು, ಗೆರೆಯನ್ನು ಬೆರಳಿನಿಂದ ತೋರಿಸಿ ಕೇಳಿದ.

"ಅಜ್ಜಿ, ಇದನ್ನೂ ತೆಗೀಬೇಕಾ?"

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅದು ಇರ್ಲಿ. ಕಾಗದದ ಒಳಗೆ ಮಡಚಿ ಕಳಿಸಿದ್ರು, ಅದರ ಗೆರೆ ಅದು. ಬೂಸ್ಟು ಮಾತ್ರ ತೆಗೀರಿ."

ನಾವು ಬೂಸ್ಟು ಮಾತ್ರ ತೆಗೆದೆವು.